ತಳದ ಹಲಗೆ

ಹಾಲಿನವನು ಅಳೆಯುವಾಗ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುವವಳು ನಾನು. ತರಕಾರಿಯವಳಿಂದ ಖಾಲಿ ತಕ್ಕಡಿ ಎತ್ತಿಸಿ ನೋಡಿದ ಮೇಲೆಯೇ ಈರುಳ್ಳಿಗೆ ಕೈ ಹಾಕುತ್ತೇನೆ. ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅನುಮಾನ ನಮ್ಮ ಮನೆಗೆ ಬಂದದ್ದು ಒಂದು ಪೆಟ್ಟಿಗೆಯ ಜೊತೆ, ನಾನೊಬ್ಬಳೇ ಕಲಿತದ್ದಲ್ಲ.

ಅದು ತೇಗದ ಪೆಟ್ಟಿಗೆ. ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ಬಟ್ಟೆಬರೆ ತುಂಬಿಕೊಂಡು ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ರೈಲಿನಲ್ಲಿ ಬಂಗಾರಪೇಟೆಗೆ, ಮತ್ತೊಂದು ರೈಲಿಗೆ ಹಾಕಿಸಿ ಕೆಜಿಎಫ್‌ಗೆ ತಂದಿದ್ದನಂತೆ. ಆಮೇಲೆ ಅದು ಗಣಿಯೊಳಗಿನ ಅವನ ಆಫೀಸಿನಲ್ಲಿ ಕಾಗದಪತ್ರ ಇಡುವುದಕ್ಕಾಯಿತು. ನನ್ನ ತಾತ ಅದೇ ಗಣಿಯಲ್ಲಿ, ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ, ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಆ ಪೆಟ್ಟಿಗೆಯನ್ನು ತಾತನಿಗೆ ಕೊಟ್ಟುಹೋದ.

ಪಾಳಿ ಮುಗಿಸಿದವರೆಲ್ಲ ಆಗ ಗೇಟಿನಲ್ಲಿ ಎರಡೂ ಕೈ ಎತ್ತಿ ನಿಲ್ಲಬೇಕಿತ್ತು. ಕಾವಲಿನವರು ಜೇಬು, ಸೊಂಟ, ಬುತ್ತಿಯ ಡಬ್ಬಿ, ತಲೆಗೂದಲು ಯಾವುದನ್ನೂ ಬಿಡದೆ ತಡಕುತ್ತಿದ್ದರು. ತಾತನನ್ನು ತಡಕದೆ ಬಿಟ್ಟದ್ದು ಒಂದೇ ದಿನ, ಪೆಟ್ಟಿಗೆ ಹೊತ್ತು ಹೊರಬಂದ ದಿನ. ಕೈಯಲ್ಲಿ ದೊರೆಯ ಚೀಟಿ ಇತ್ತು. ಅಷ್ಟು ಸಾಕಾಯಿತು ಜನಕ್ಕೆ, ಚಿನ್ನ ಸಾಗಿಸಿದ ಎನ್ನಲು. ಅದರ ಮೇಲೆ, ಪೆಟ್ಟಿಗೆಯ ಒಳಗಿನ ಆಳ ಹೊರಗಿನ ಎತ್ತರಕ್ಕಿಂತ ನಾಲ್ಕು ಬೆರಳು ಕಡಿಮೆ. ಯಾರೋ ಪುಣ್ಯಾತ್ಮರು ಅದನ್ನೂ ಅಳೆದುಬಿಟ್ಟರು.

ಗಣಿ ಬಿಟ್ಟ ಮೇಲೆ ತಾತ ಬೂದಿಕೋಟೆಯ ಹತ್ತಿರ ಒಂದಿಷ್ಟು ಹೊಲ ತೆಗೆದುಕೊಂಡ. ಮನೆ ಸಾಮಾನು ಸಾಗಿಸುವಾಗ ಪೆಟ್ಟಿಗೆಯ ಮುಚ್ಚಳವನ್ನೇ ಕಳಚಿ, ಎಲ್ಲರೂ ನೋಡಲಿ ಎಂದು ಬಾಯಿ ತೆರೆದೇ ಗಾಡಿಗೆ ಹಾಕಿದ್ದನಂತೆ. ಕಳ್ಳನಲ್ಲದಿದ್ದರೆ ಇಷ್ಟು ತೋರಿಸಿಕೊಳ್ಳುವುದೇಕೆ ಎಂದು ಅದಕ್ಕೂ ಅಂದರು.

ಗೇಟಿನ ಅಭ್ಯಾಸ ಮಾತ್ರ ಅವನನ್ನು ಬಿಡಲಿಲ್ಲ. ಹೊಲದಿಂದ ಬಂದರೂ ಮದುವೆ ಊಟ ಮುಗಿಸಿ ಬಂದರೂ ಹೊಸ್ತಿಲಲ್ಲಿ ಟವೆಲ್ ಕೊಡವಿ ಎರಡೂ ಕೈ ಎತ್ತುತ್ತಿದ್ದ. ನಾನೂ ಅಣ್ಣನೂ ಓಡಿಹೋಗಿ ಅವನ ಜೇಬು ತಡಕುತ್ತಿದ್ದೆವು. ಹುರಿಗಡಲೆ ಸಿಗುತ್ತಿತ್ತು. ನಮಗೆ ಅದು ಆಟ.

ಇಪ್ಪತ್ತನೆಯ ವಯಸ್ಸಿನಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ನಾನು ಪೆಟ್ಟಿಗೆಯ ತಳದ ಹಲಗೆ ಕಿತ್ತೆ. ಎತ್ತಿನ ಲಾಳಕ್ಕೆ ಹೊಡೆಯುವ ಮೊಳೆಗಳಿಂದ ಅದನ್ನು ಬಡಿದಿದ್ದರು. ಕೆಳಗೆ ನಾಲ್ಕು ಬೆರಳಿನ ಜಾಗ, ಹೊಟ್ಟಿನಂಥ ಧೂಳು, ಇನ್ನೇನಿಲ್ಲ. ಖಾಲಿ ಎಂದು ಸಮಾಧಾನವಾಗಬೇಕಿತ್ತಲ್ಲ? ನನಗೆ ಆದದ್ದು ಬೇರೆ. ಲಾಳದ ಮೊಳೆ ದೊರೆ ಹೊಡೆದದ್ದಲ್ಲ. ಅಂದರೆ ಒಳಗಿದ್ದ ಚಿನ್ನ ತಾತ ತೆಗೆದಿದ್ದಾನೆ, ಹೊಲ ಬಂದದ್ದು ಹೀಗೆ, ಎಂದು ತೀರ್ಮಾನಿಸಿದೆ. ಕ್ಯಾಲೆಂಡರ್ ನೇತುಹಾಕುವ ಸಣ್ಣ ಮೊಳೆ ಹೊಡೆದು ಹಲಗೆಯನ್ನು ಮೊದಲಿನಂತೆ ಕೂರಿಸಿದೆ. ಅಂದಿನಿಂದ ಹೋದ ವರ್ಷದವರೆಗೂ ನನ್ನ ಪಾಲಿಗೆ ತಾತ ಕಳ್ಳನೇ.

ಹೋದ ವರ್ಷ ಅಣ್ಣ ಅಮ್ಮನನ್ನು ಬಂಗಾರಪೇಟೆಯ ತನ್ನ ಮನೆಗೆ ಕರೆತಂದ. ಜೊತೆಗೆ ಪೆಟ್ಟಿಗೆಯನ್ನೂ ತಂದ, ನನಗೆ ಒಂದು ಮಾತೂ ಹೇಳದೆ. ಸುದ್ದಿ ತಿಳಿದವಳೇ ಆಟೋ ಹಿಡಿದು ಓಡಿದೆ. ಅಂಗಳದಲ್ಲಿ ಪಾಲಿಶ್ ಹಾಕುವುದಕ್ಕೆ ಬಂದ ಬಡಗಿ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತಿದ್ದ. ಅಮ್ಮ ಜಗಲಿಯ ಮೇಲಿದ್ದಳು.

"ಇದನ್ನ ಎಷ್ಟ್ ಸಲ ಬಿಚ್ಚಿದ್ದೀರಕ್ಕಾ?" ಎಂದ ಬಡಗಿ. "ಈಗ ಸ್ಕ್ರೂ ಐತೆ. ಪಕ್ಕದಾಗೆ ಸಣ್ಣ ಮೊಳೆ ತೂತು. ಅದ್ರ ಪಕ್ಕದಾಗೆ ಲಾಳದ ಮೊಳೆ ತೂತು."

ನಾನು ಅಣ್ಣನ ಮುಖ ನೋಡಿದೆ. "ಸ್ಕ್ರೂ ನಿಂದೇನಾ?"

"ನಾ ಬಿಚ್ಚಿದಾಗ ಏನೂ ಇರ್ಲಿಲ್ಲ ಕಣೇ," ಎಂದುಬಿಟ್ಟ ಅಣ್ಣ. "ಕ್ಯಾಲೆಂಡರ್‌ಗೆ ನೀ ಹೊಡೀತಿದ್ದ ಸಣ್ಣ ಮೊಳೆ ನೋಡಿ, ನೀನೇ ಎತ್ಕೊಂಡ್ ಓಗಿದ್ದೀಯ ಅನ್ಕೊಂಡಿದ್ದೆ."

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಕೈಯಲ್ಲಿ ರಾಖಿ ಕಟ್ಟಿಸಿಕೊಂಡು, ಒಳಗೊಳಗೇ ಇದನ್ನಿಟ್ಟುಕೊಂಡಿದ್ದನಲ್ಲ! "ಲಾಳದ ಮೊಳೆ ತಾತಂದು. ಅವ್ನೇ ತೆಗ್ದಿರೋದು," ಎಂದು ಕೂಗಿದೆ.

"ತಾತಂದಲ್ಲ," ಎಂದಳು ಅಮ್ಮ. "ನಂದು. ನಾ ಸೊಸೆಯಾಗಿ ಬಂದ ವರ್ಷ. ಇತ್ತಾಳೆ ಸ್ಕ್ರೂ ಇದ್ವು, ಕಿಲುಬುಗಟ್ಟಿ ಕಚ್ಕೊಂಡಿದ್ವು. ತೆಗ್ಯೋದ್ರಾಗೆ ಎಲ್ಡು ಮುರ್ದೋದ್ವು. ಅಲ್ಲೀಗಂಟ ಅದ್ಕೆ ಯಾರೂ ಕೈ ಆಕಿರ್ಲಿಲ್ಲ."

ಬಡಗಿ ಉಗುರಿನಿಂದ ಮರವನ್ನು ಕೆರೆದು ನೋಡಿದ. ಮುರಿದ ಹಿತ್ತಾಳೆ ತುದಿಗಳು ಇನ್ನೂ ಅಲ್ಲೇ ಇದ್ದವು. ಹಡಗಿನ ತೇವ ಬಟ್ಟೆಗೆ ತಾಗದಿರಲಿ ಎಂದು ಎರಡು ತಳ ಮಾಡಿಸಿರುತ್ತಾರೆ ಎಂದು ಹೇಳಿ, ತನ್ನ ಪಾಡಿಗೆ ಉಪ್ಪುಕಾಗದ ಉಜ್ಜತೊಡಗಿದ.

"ಒಳಗೇನಿತ್ತಮ್ಮಾ?" ಎಂದೆ.

"ಧೂಳು."

"ಮತ್ತೆ ಯಾಕ್ ಯೇಳ್ಲಿಲ್ಲ? ಊರೆಲ್ಲ ಅಷ್ಟ್ ಅಂತಿದ್ರಲ್ಲ!"

ಅಮ್ಮ ಸೆರಗಿನ ಅಂಚನ್ನು ಮಡಿಸುತ್ತ ಕೂತಳು. "ಯೇಳಿದ್ರೆ ನಾನು ಬಿಚ್ಚಿದ್ದು ಗೊತ್ತಾಗ್ತಿತ್ತಲ್ಲೇ."

ಅವಳ ಮೇಲೆ ಕೋಪಿಸಿಕೊಳ್ಳಲು ನನಗೆ ಯಾವ ಮುಖವಿತ್ತು? ನಾನೂ ಹೇಳಿರಲಿಲ್ಲ. ಅಣ್ಣನೂ ಹೇಳಿರಲಿಲ್ಲ. ತಾತ ನಿರಪರಾಧಿ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿ ಇತ್ತು. ಅದನ್ನು ಕಾಣದೆಯೇ ಅವನು ಹೋದ.

ನಾನು ಹಲಗೆ ಕಿತ್ತ ದಿನದ ಸಂಜೆ ತಾತ ಎಂದಿನಂತೆ ಹೊಸ್ತಿಲಲ್ಲಿ ಕೈ ಎತ್ತಿ ನಿಂತ. ಹುರಿಗಡಲೆಯ ವಯಸ್ಸು ನನಗೆ ದಾಟಿತ್ತು. ಆದರೂ ಎದ್ದು ಹೋದೆ. ಜೇಬು ನೋಡಿದೆ, ಸೊಂಟದ ಮಡಿಕೆ ನೋಡಿದೆ, ಟವೆಲ್ ಬಿಡಿಸಿ ನೋಡಿದೆ. ನಗಲಿಲ್ಲ. ಗೇಟಿನಲ್ಲಿ ಮೂವತ್ತು ವರ್ಷ ನಿಂತವನಿಗೆ ಆಟದ ಕೈ ಯಾವುದು, ಕಾವಲಿನ ಕೈ ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ? ಕೈ ಇಳಿಸದೆ, ನಿಧಾನವಾಗಿ ತಿರುಗಿ ನನಗೆ ಬೆನ್ನು ಕೊಟ್ಟು ನಿಂತ.

"ಇಂದ್ಗಡೆ ನೋಡ್ಲಿಲ್ಲವಲ್ಲವ್ವ," ಎಂದ.

ನಾನು ಅದನ್ನೂ ನೋಡಿದೆ.