ಐದು ಕಿಲೊ ಭಂಡಾರ, ನಾನೂರ ಎರಡು ಮೀಟರು

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಆರಕ್ಕೆ, ಬೆಳಗಾವಿಯ ರವಿವಾರ ಪೇಟೆಯ ನನ್ನ ಅಂಗಡಿಯಿಂದ ಐದು ಕಿಲೊ ಭಂಡಾರದ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟೆ. ಅರಿಷಿಣ, ಕುಂಕುಮ, ವಿಭೂತಿ ಮಾರುವುದು ಅಪ್ಪನ ಕಾಲದಿಂದ ಬಂದ ಉದ್ಯೋಗ. ಭಂಡಾರವೆಂದರೆ ದೇವರ ಮೇಲೆ ಎರಚುವ ಅರಿಷಿಣದ ಪುಡಿ. ನಮ್ಮ ಅಂಗಡಿಯ ಭಂಡಾರ ಮೈದಾ ಹಿಟ್ಟಿಗಿಂತ ನುಣುಪು ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನಗೇ ಜಂಬ ಬಂದಿತ್ತು. ಈ ಜಂಬ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಹಿಂಡಲಗಾಕ್ಕೆ ಆಟೋದವನು ನೂರೈವತ್ತು ರೂಪಾಯಿ ಕಿತ್ತ. ಜೈಲು ದಾಟಿದ ಮೇಲಿನ ಓಣಿಯಲ್ಲಿ ಗೆಳೆಯ ಯಲ್ಲಪ್ಪನ ಮನೆ. ಅವನ ಅಪ್ಪ ಕುರಿ ಹಿಂದೆ ನಡೆದು ಬದುಕಿದವನು. ಯಲ್ಲಪ್ಪ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚು ಕಟ್ಟುತ್ತಾನೆ. ಬಿಡುವಿನಲ್ಲಿ ಡ್ರ್ಯಾಗ್ ರೇಸು. ಎರಡು ಬೈಕು, ನೆಟ್ಟನೆಯ ರಸ್ತೆ, ನಾನೂರ ಎರಡು ಮೀಟರು, ಮೊದಲು ಮುಟ್ಟಿದವನು ಗೆದ್ದ, ಅಷ್ಟೇ ಆಟ. ಅವನ ಬೈಕು ಗುಜರಿಯಿಂದ ತಂದ ಹಳೆಯ ಟೂ-ಸ್ಟ್ರೋಕು. ಆರು ವರ್ಷ ಒಂದೊಂದೇ ಭಾಗ ಬದಲಿಸಿ, ಬೇಕಾದದ್ದನ್ನು ತಾನೇ ಎರಕ ಹೊಯ್ದು, ತಿದ್ದಿ ನಿಲ್ಲಿಸಿದ್ದ.

ಟೆಂಪೊಗೆ ಬೈಕು ಏರಿಸಿ ಹಗ್ಗ ಬಿಗಿಯುವಾಗ ಅವನ ತಾಯಿ ಕೆಂಚವ್ವ ನನ್ನನ್ನು ಬಾಜುಕ್ಕೆ ಕರೆದಳು.

“ಸಾವಕಾರ್ರ, ಭಂಡಾರ ತಂದೀರಿಲ್ಲರಿ?”

“ತಂದೀನಿ ಕೆಂಚವ್ವ. ಐದು ಕಿಲೊ.”

“ಅಷ್ಟ್ಯಾಕರಿ ಯಪ್ಪಾ! ಹೊಂಡೂ ಮುಂದ ಹಣಿಗಿ ಒಂದ ಚಿಟಿಕಿ ಹಚ್ರಿ, ಸಾಕು. ನಾ ಹಚ್ಚಾಕ ಹೋದ್ರ ಬ್ಯಾಡಬೇ ಅಂತಾನ. ನೀವು ಹಚ್ಚಿದ್ರ ಸುಮ್ಮ ನಿಂದರ್ತಾನ.”

ಆಗಲಿ ಎಂದೆ. ಚಿಟಿಕೆ ಕೇಳಿದವಳಿಗೆ ಚೀಲ ತೋರಿಸುವ ವ್ಯಾಪಾರಿ ನಾನು.

ನವೆಂಬರಿನಿಂದ ನಡೆದ ಹಂಗಾಮಿನ ನಾಲ್ಕನೆಯ, ಕೊನೆಯ ರೇಸು ಇದು, ಖಾನಾಪುರದಲ್ಲಿ. ಹಿಂದಿನ ಮೂರಕ್ಕೂ ನಾನು ಹೋಗಿದ್ದೆ. ನೋಡುವವರ ಪಾಡನ್ನು ಹೇಳಲೇಬೇಕು. ಇನ್ನೂರು ರೂಪಾಯಿ ಟಿಕೀಟು, ಬಿದಿರಿನ ಬೇಲಿ, ಸುಟ್ಟ ಎಣ್ಣೆಯ ಹೊಗೆ. ಎರಡು ತಾಸು ಕಾದರೆ ಹದಿಮೂರು ಸೆಕೆಂಡಿನ ಓಟ. ಹೊರಡುವ ಕಡೆ ನಿಂತರೆ ಗೆದ್ದದ್ದು ಕಾಣುವುದಿಲ್ಲ, ಮುಟ್ಟುವ ಕಡೆ ನಿಂತರೆ ಹೊರಟದ್ದು ಕಾಣುವುದಿಲ್ಲ. ಆದರೂ ಮನೆಗೆ ಬಂದು “ನಾವು ಗೆದ್ದಿವಿ” ಎನ್ನುತ್ತೇವೆ. ಬೈಕಿನ ಒಂದು ಬೋಲ್ಟನ್ನೂ ಬಿಗಿದವರಲ್ಲ, ಆದರೂ ನಾವು! ನನ್ನ ಹೆಂಡತಿ ಒಮ್ಮೆ ಇದನ್ನೇ ಕೇಳಿದಾಗ ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ.

ಯಲ್ಲಪ್ಪ ಒಂದು ಗೆದ್ದು ಎರಡು ಸೋತಿದ್ದ. ಗೋವೆಯ ಸವಾರನೊಬ್ಬನದೂ ಅಷ್ಟೇ ಅಂಕ. ಪುಣೆಯ ತಂಡವೊಂದರ ಮಾಲಕ ಇಬ್ಬರಿಗೂ ಹೇಳಿಬಿಟ್ಟಿದ್ದ: ಖಾನಾಪುರದಲ್ಲಿ ಗೆದ್ದವನನ್ನು ತಂಡಕ್ಕೆ ಸೇರಿಸಿಕೊಳ್ಳುತ್ತೇನೆ, ದೇಶದ ದೊಡ್ಡ ರೇಸುಗಳಿಗೆ ಕರೆದೊಯ್ಯುತ್ತೇನೆ. ಯಲ್ಲಪ್ಪನಿಗೆ ಮೂವತ್ತೆಂಟು. ಬರುವ ವರ್ಷ ಇಂಥ ಮಾತನ್ನು ಅವನಿಗೆ ಯಾರೂ ಹೇಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರು. ಪೀರನವಾಡಿ ದಾಟುವವರೆಗೆ ಮಂಜು, ಟೆಂಪೊದವನು ದೀಪ ಹಾಕಿಕೊಂಡೇ ಓಡಿಸಿದ. ಪ್ರಭುನಗರದ ಹತ್ತಿರ ಹೋಟೆಲೊಂದರಲ್ಲಿ ನಿಂತೆವು. ಮಿಸಳ್ ಅರವತ್ತು ರೂಪಾಯಿ. ಖಾರವಿತ್ತು, ಕಾಳು ಬೆಂದಿರಲಿಲ್ಲ. ಯಲ್ಲಪ್ಪ ಬರೀ ಚಹಾ ಕುಡಿದು ಟೆಂಪೊ ಹತ್ತಿ ಕೂತು, ಹಿಂದಿನ ಟೈರನ್ನು ಒಣ ಬಟ್ಟೆಯಿಂದ ಒರೆಸತೊಡಗಿದ.

“ಎರಡ ತುತ್ತರ ತಿನ್ನೋ ಯಲ್ಲಪ್ಪ. ಅದನ್ನ ಎಷ್ಟ ಒರಸ್ತಿ?”

“ಅಣ್ಣಾರ, ಎಂಜಿನ್ನಿಂದ ನನಗ ಚಿಂತಿ ಇಲ್ಲ. ಟೈರು ರಸ್ತಾ ಹಿಡೀಬೇಕು. ಮೊದಲನೇ ಹತ್ತ ಫೂಟಿನ್ಯಾಗ ಹಿಡೀಲಿಲ್ಲಂದ್ರ ಮುಂದ ಏನ್ ಮಾಡಿದ್ರೂ ಹೋತು.”

ಎಲ್ಲವೂ ತಿಳಿದವನಂತೆ ತಲೆಯಾಡಿಸಿದೆ. ಈ ಮಾತನ್ನು ಅವನು ಹೇಳಿದ್ದು ನನಗೇ, ನನ್ನ ಮುಖ ನೋಡಿಯೇ. ಕೇಳಲಿಲ್ಲವೆನ್ನಲು ನನಗೆ ದಾರಿಯಿಲ್ಲ.

ಗಣೇಬೈಲ ಟೋಲು ದಾಟಿ ಒಂಬತ್ತಕ್ಕೆ ತಲುಪಿದೆವು. ಹೆದ್ದಾರಿ ಅಗಲ ಮಾಡಿದಾಗ ಬಿಟ್ಟುಹೋದ ಹಳೆಯ ರಸ್ತೆಯ ತುಂಡೊಂದು ಊರಾಚೆ ಇದೆ. ಬದಿಗೆ ಮುಚ್ಚಿದ ಹಂಚಿನ ಕಾರಖಾನೆ, ಒಡೆದ ಹಂಚಿನ ಗುಡ್ಡೆ. ರೇಸು ಅಲ್ಲಿ. ಸುತ್ತಲಿನ ಹಳ್ಳಿಗಳ ಜನ ಆಗಲೇ ಹಂಚಿನ ಗುಡ್ಡೆ ಹತ್ತಿ ಕೂತಿದ್ದರು. ಇವರೆಲ್ಲ ಖಾಲಿ ಗಾಡಿ ಎಳೆಯುವ ಎತ್ತಿನ ಶರ್ಯತ್ತು ನೋಡಿ ಬೆಳೆದವರು. ಆ ಶರ್ಯತ್ತಿನಲ್ಲಿ ಗೆದ್ದ ಜೋಡಿಗೆ ಗುಲಾಲು, ಭಂಡಾರ ಎರಚದಿದ್ದರೆ ಗೆದ್ದಂತೆಯೇ ಅಲ್ಲ. ಸಂಘಟಕರಿಗೂ ಇದು ಗೊತ್ತಿತ್ತು. ಮೈಕಿನವನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಕೂಗುತ್ತಲೇ ಇದ್ದ: “ರಸ್ತಾದ ಮ್ಯಾಲ ಯಾರೂ ಗುಲಾಲ್ ಹಾರಸಬ್ಯಾಡ್ರಿ, ಕೈ ಮುಗದ ಕೇಳ್ಕೋತೀನಿ!”

ನಾನು ಕೇಳಿಸಿಕೊಂಡೆ. ಗುಡ್ಡೆಯ ಮೇಲಿನ ಹುಂಬರಿಗೆ ಹೇಳುತ್ತಿದ್ದಾನೆ ಎಂದುಕೊಂಡೆ. ನಾನು ನಾಲ್ಕೂ ರೇಸು ನೋಡಿದವನು, ಸವಾರನ ಕಡೆಯವನು.

ಹಿಂದೆ ಮೂರು ಸಲ ಮುಟ್ಟುವ ಕಡೆ ನಿಂತಿದ್ದೆ. ಈ ಸಲ ಹೊರಡುವ ಗೆರೆಯ ಪಕ್ಕದಲ್ಲೇ, ರಸ್ತೆಯಲ್ಲಿ ಯಲ್ಲಪ್ಪನಿಗೆ ಗೊತ್ತುಮಾಡಿದ ಪಟ್ಟಿಯ ಬದಿಗೆ, ಬೇಲಿಗೆ ಎದೆಯಾನಿಸಿ ನಿಂತೆ. ಹಣೆಗೆ ಹಚ್ಚಬೇಕೆಂದು ಹೋದಾಗ ಅವನು ಹೆಲ್ಮೆಟ್ ಹಾಕಿಕೊಂಡಾಗಿತ್ತು. ಗೆದ್ದ ಮೇಲೆ ಹಚ್ಚಿದರಾಯಿತೆಂದು ಬಿಟ್ಟೆ. ನನ್ನ ಪಕ್ಕದಲ್ಲಿ ನಂದಗಡದ ಒಬ್ಬ ರೈತ ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ನಿಂತಿದ್ದ. ಮೊದಲ ಎರಡು ಸುತ್ತಿನಲ್ಲಿ ಯಲ್ಲಪ್ಪ ಗೆದ್ದಾಗ ನನಗಿಂತ ಹೆಚ್ಚು ಕುಣಿದವನು ಅವನೇ.

ಮಧ್ಯಾಹ್ನ ಒಂದೂವರೆಗೆ ಸೆಮಿಫೈನಲ್. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ದೀಪ ಹಸಿರಾದದ್ದೇ ತಡ ಯಲ್ಲಪ್ಪ ಹೋಗಿಯೇಬಿಟ್ಟ. ಗೆದ್ದು ಪಕ್ಕದ ಮಣ್ಣಿನ ದಾರಿಯಿಂದ ಮರಳಿ ಗೆರೆಯ ಹತ್ತಿರ ಬಂದು ಕೈ ಎತ್ತಿದ. ನಂದಗಡದವನು ನನ್ನ ಚೀಲ ತಟ್ಟಿದ.

“ಶೇಠ್, ಪಿಶವೀತ್ ಕಾಯ್ ಹಾಯ್?” ಚೀಲದಲ್ಲಿ ಏನಿದೆ ಎಂದು ಕೇಳುತ್ತಿದ್ದ.

“ಭಂಡಾರ.”

“ಮತ್ತ ಹಿಡ್ಕೊಂಡ ಏನ್ ನಿಂತೀರಿ? ನಿಮ್ಮ ಮನುಷ್ಯಾ ಗೆದ್ದಾನಲ್ರಿ!”

ಹಿಡಿ ತುಂಬಿಕೊಂಡು ಎರಚಿದೆ. ಮೊದಲನೆಯ ಹಿಡಿ ನನ್ನದು, ಇದರಲ್ಲಿ ಯಾರಿಗೂ ಪಾಲಿಲ್ಲ. ಆಮೇಲೆ ಹತ್ತು ಕೈಗಳು ಚೀಲಕ್ಕೆ ಬಿದ್ದವು. ಮೈಕಿನವನು ಬೈಯುತ್ತಿದ್ದ, ನಾವು ಕೇಕೆ ಹಾಕುತ್ತಿದ್ದೆವು. ಯಲ್ಲಪ್ಪ ಬೇಡ ಬೇಡವೆಂದು ಎರಡೂ ಕೈ ಬೀಸಿದ್ದನ್ನು ನಾನು ಸಂತೋಷವೆಂದು ತಿಳಿದೆ. ಹಳದಿ ಮೋಡ ಇಳಿದಾಗ ಅವನ ಪಟ್ಟಿಯ ಮೊದಲ ಹತ್ತು ಹದಿನೈದು ಅಡಿ ನಮ್ಮ ಅಂಗಡಿಯ ಮಾಲಿನಿಂದ ತುಂಬಿತ್ತು.

ಇಬ್ಬರು ಬಂದು ಕಸಬರಿಗೆಯಿಂದ ಗುಡಿಸಿದರು. ಮೈದಾಗಿಂತ ನುಣುಪಾದದ್ದು ಗುಡಿಸಿದರೆ ಹೋಗುತ್ತದೆಯೇ? ಮೆತ್ತಗಾದ ಡಾಂಬರಿನ ಸಂದುಗಳಲ್ಲಿ ಇನ್ನೂ ಆಳಕ್ಕೆ ಕೂತಿತು. ಫೈನಲ್ಲಿಗೆ ಎದುರಾಗಿ ಬಂದ ಗೋವೆಯವನ ಪಟ್ಟಿ ಕಪ್ಪಗೆ, ಚೊಕ್ಕಟವಾಗಿತ್ತು. ಅವನ ಕಡೆಯವರು ನಾಲ್ಕೇ ಜನ, ಚಪ್ಪಾಳೆ ತಟ್ಟಿ ಸುಮ್ಮನಾಗಿದ್ದರು.

ಯಲ್ಲಪ್ಪ ಬೈಕಿನಿಂದ ಇಳಿದು, ಮೊಣಕಾಲೂರಿ, ಅಂಗೈಯಿಂದ ರಸ್ತೆ ಒರೆಸಿ ನೋಡಿದ. ಪಟ್ಟಿ ಬದಲಿಸಿಕೊಡಿ ಎಂದು ಕೇಳಿದ; ನಿಯಮವಿಲ್ಲ ಎಂದರು. ಅರ್ಧ ತಾಸು ಟೈಮು ಕೇಳಿದ. ಪೊಲೀಸರ ಪರವಾನಗಿ ಎರಡು ಗಂಟೆಯವರೆಗೆ ಮಾತ್ರ ಎಂದರು. ಆಗ ನಾನು ಚೀಲವನ್ನು ಮಡಚಿ ಕಂಕುಳಲ್ಲಿ ಅಡಗಿಸಿದೆ. ನಂದಗಡದವನು ಮಾತ್ರ ಇನ್ನೂ ಹಲ್ಲು ಬಿಡುತ್ತಿದ್ದ.

ಹಸಿರು ದೀಪ ಬಂತು. ಯಲ್ಲಪ್ಪನ ಎಂಜಿನ್ನು ಗೋವೆಯವನದಕ್ಕಿಂತ ಮೊದಲು ಕಿರುಚಿತು, ಹಿಂದಿನ ಚಕ್ರ ಗರಗರ ತಿರುಗಿತು, ಬೈಕು ಮಾತ್ರ ಮುಂದೆ ಹೋಗಲಿಲ್ಲ. ಬಾಲ ಅಡ್ಡಕ್ಕೆ ಜಾರಿತು. ಅವನು ಕಾಲು ಕೊಟ್ಟು, ಬೀಳದಂತೆ ಹಿಡಿದು, ನೆಟ್ಟಗೆ ಮಾಡಿಕೊಂಡು ಹೊರಡುವಷ್ಟರಲ್ಲಿ ಗೋವೆಯವನು ದೂರದ ಚುಕ್ಕೆಯಾಗಿದ್ದ. ಸಣ್ಣ ಹಳದಿ ಧೂಳು ಗಾಳಿಯಲ್ಲಿ ನಿಂತಿತ್ತು. ಗುಡ್ಡೆಯ ಮೇಲಿನ ಜನ “ಛೇ, ಬಿಟ್ಟಬಿಟ್ಟ ನೋಡೋ” ಎಂದು ಯಲ್ಲಪ್ಪನನ್ನೇ ಬೈದರು.

ಪುಣೆಯ ಮಾಲಕ ಗೋವೆಯವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು ಕಾರು ಹತ್ತಿದ. ಯಲ್ಲಪ್ಪನ ಹತ್ತಿರ ಬರಲೂ ಇಲ್ಲ. ನನ್ನ ಪಕ್ಕದವನು ಎಲೆ ಅಡಿಕೆ ಉಗಿದು, ಬಸ್ಸಿಗೆ ಹೊತ್ತಾಯಿತೆಂದು ಹೋದ. ನೋಡುವವರಿಗೆ ಇರುವ ಸುಖ ಇದೊಂದೇ, ಎದ್ದು ಹೋಗಬಹುದು.

ಬೈಕನ್ನು ಟೆಂಪೊಗೆ ಏರಿಸಲು ಸಂಘಟಕರ ಹುಡುಗರು ಕೈ ಕೊಟ್ಟರು, ನಾನು ದೂರ ನಿಂತೆ. ಟೆಂಪೊ ಡೀಸೆಲ್ ಹಾಕಿಸಲು ಖಾನಾಪುರದೊಳಗೆ ಹೋದಾಗ ನಾನು ಮಲಪ್ರಭಾ ಹೊಳೆಯ ಘಟ್ಟಕ್ಕೆ ಇಳಿದೆ. ಮರಳಿನಿಂದ ಉಜ್ಜಿ ಉಜ್ಜಿ ಕೈ ತೊಳೆದೆ. ಬಣ್ಣ ಹೋಗಲಿಲ್ಲ. ನಮ್ಮ ಮಾಲಿಗೆ ಕಲಬೆರಕೆ ಇಲ್ಲ ಎಂದು ಬೋರ್ಡು ಬರೆಸಿದವನು ನಾನೇ.

ಹಿಂತಿರುಗುವಾಗ ಎರಡೂ ಕೈಗಳನ್ನು ಪೈಜಾಮದ ಜೇಬಿನಲ್ಲಿಟ್ಟುಕೊಂಡು ಕೂತೆ. ಪ್ರಭುನಗರ ದಾಟಿದ ಮೇಲೆ ಯಲ್ಲಪ್ಪ ಒಂದೇ ಮಾತು ಆಡಿದ.

“ಹೆಲ್ಮೆಟ್ಟಿನ್ಯಾಗಿಂದ ಯಾರ ಮಾರೀನೂ ಕಾಣಲಿಲ್ಲ ಅಣ್ಣಾರ. ಬರೇ ಹಳದಿ ಕಾಣತು. ಯಾರರ ಇರವಲ್ರು, ನನ್ನ ಮ್ಯಾಲ ಪ್ರೀತಿ ಇದ್ದವರ ಹಾಕಿರಬೇಕು.”

ಅಲ್ಲಿ ಹೇಳಬೇಕಿತ್ತು. ಹತ್ತು ಕಿಲೋಮೀಟರು ದಾರಿಯಿತ್ತು, ಬಾಯಿಯೂ ಇತ್ತು. “ಜನಕ್ಕ ಬುದ್ಧಿ ಇಲ್ಲ ಬಿಡು” ಎಂದೆ. ನನ್ನ ಜೀವಮಾನದಲ್ಲಿ ನಾನಾಡಿದ ಮಾತುಗಳಲ್ಲಿ ಇದಕ್ಕಿಂತ ಹೇಸಿಗೆಯದು ಇನ್ನೊಂದಿಲ್ಲ.

ಹಿಂಡಲಗಾ ತಲುಪಿದಾಗ ಐದು ಗಂಟೆ. ಕೆಂಚವ್ವ ಬಾಗಿಲಲ್ಲೇ ನಿಂತಿದ್ದಳು. ಮಗನ ಮುಖ ನೋಡಿದವಳೇ ಫಲಿತಾಂಶ ಕೇಳಲಿಲ್ಲ. ಅವಳನ್ನು ಕಂಡೊಡನೆ ಅಭ್ಯಾಸದಂತೆ ಜೇಬಿನಿಂದ ಕೈ ತೆಗೆದು “ಶರಣವ್ವಾ” ಎಂದು ಮುಗಿದುಬಿಟ್ಟೆ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹಳದಿ.

ಅವಳು ನನ್ನ ಕೈ ನೋಡಿದಳು. ಆಮೇಲೆ ಮಗನ ಹಣೆ ನೋಡಿದಳು. ಅಲ್ಲಿ ಬೆವರಿನ ಗೆರೆ ಬಿಟ್ಟರೆ ಏನೂ ಇರಲಿಲ್ಲ.

“ಸಾವಕಾರ್ರ, ಭಂಡಾರ ಹಚ್ಚಲಿಲ್ಲರೀ?”

ನಾನು ಬಾಯಿ ತೆರೆಯುವ ಮೊದಲೇ ಯಲ್ಲಪ್ಪ ನನ್ನ ಕೈಗಳ ಕಡೆ ತಿರುಗಿದ್ದ. ದನಿ ಏರಿಸಲಿಲ್ಲ.

“ಹಚ್ಚ್ಯಾರಬೇ,” ಎಂದ. “ರಸ್ತಾಕ್ಕ ಹಚ್ಚ್ಯಾರ.”

ಟೆಂಪೊದ ಹಿಂಬಾಗಿಲು ತೆರೆದು ಬೈಕಿನ ಹಗ್ಗ ಬಿಚ್ಚತೊಡಗಿದ. ಅದು ಒಬ್ಬನೇ ಇಳಿಸುವ ಭಾರವಲ್ಲ. ನಾಲ್ಕು ತಿಂಗಳು ಹಿಂದಿನ ಚಕ್ರದ ಕಡೆ ನಾನೇ ಹಿಡಿಯುತ್ತಿದ್ದೆ. ಅಂದೂ ಹೋಗಿ ಹಿಡಿಯಲು ಬಾಗಿದೆ.

“ನೀವು ಮುಟ್ಟಬ್ಯಾಡ್ರಿ ಅಣ್ಣಾರ,” ಎಂದ. ಆಮೇಲೆ ತಾಯಿಯನ್ನು ಕರೆದ. ಎಪ್ಪತ್ತರ ಕೆಂಚವ್ವ ಸೆರಗು ಸಿಕ್ಕಿಸಿ, ನಾನು ಹಿಡಿಯುತ್ತಿದ್ದ ಜಾಗದಲ್ಲಿ ಕೈ ಕೊಟ್ಟಳು. ಇಬ್ಬರೂ ಸೇರಿ ಬೈಕು ಇಳಿಸಿದ್ದನ್ನು ನಾನು ಓಣಿಯಲ್ಲಿ ನಿಂತು ನೋಡಿದೆ.