ಲಿಯೋನಿಲಾ ಮ್ಯಾಮ್ ಇಸ್ಪೀಟು ಹಿಡಿದದ್ದು

ಲಿಯೋನಿಲಾ ಮ್ಯಾಮ್‌ಗೆ ಸುಮ್ಮನಿರಲು ಬರುವುದಿಲ್ಲ. ನಮ್ಮ ಸರಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ದುಡ್ಡಿನ ಪಾಠ ಅವರದು: ಉಳಿತಾಯ, ಬಡ್ಡಿ, ಸಾಲ. ಗಂಟೆ ಹೊಡೆದ ಮೇಲೆ ನನ್ನ ಕ್ಯಾಂಟೀನಿಗೆ ಬಂದು, ಕರಿದ ಬಾಳೆಹಣ್ಣು ಕಚ್ಚುತ್ತಾ, "ಈ ತಿಂಗಳು ಏನು ಉಳಿಸಿದೆ, ಪೆರ್ಲಾ?" ಎಂದು ನನಗೂ ಪರೀಕ್ಷೆ ಇಡುತ್ತಿದ್ದರು. ಮೈ ಉರಿಯುತ್ತಿತ್ತು. ಆದರೆ ಅವರು ಹೇಳಿದ್ದು ಸುಳ್ಳಲ್ಲವಲ್ಲ!

ಜೂಜೆಂದರೆ ಅವರಿಗೆ ಆಗದು. "ಇಸ್ಪೀಟು ಆಡೋರು ದಡ್ಡರು, ಬರ್ಕೊಳ್ಳಿ" ಎನ್ನುತ್ತಿದ್ದರು. ಅದನ್ನು ವೇದವಾಕ್ಯವೆಂದು ಹಿಡಿದವಳು ಅದೇ ತರಗತಿಯ ಹುಡುಗಿ ರೊಡೆಸಾ. ಹಿಡಿಯದೆ ಏನು? ಅವಳಪ್ಪ ಡೊಮೆಂಗ್ ಮೀನಿನ ದೋಣಿಯನ್ನೇ ಇಸ್ಪೀಟಿನಲ್ಲಿ ಕಳೆದವನು.

ಆ ಡೊಮೆಂಗ್ ಸತ್ತ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣದ ಪಕ್ಕ ಇಸ್ಪೀಟು ಮೇಜು ಹಾಕುತ್ತಾರೆ. ಜನ ಆಡುತ್ತಾ ಕಾವಲು ಕೂರುತ್ತಾರೆ. ಗೆದ್ದವರು ಪ್ರತಿ ಆಟಕ್ಕೂ ಒಂದು ಪಾಲು ಡಬ್ಬಿಗೆ ಹಾಕುತ್ತಾರೆ. ಮಣ್ಣು ಮಾಡುವ ಖರ್ಚು ಹುಟ್ಟುವುದು ಅದರಿಂದಲೇ. ರೊಡೆಸಾ ಇಸ್ಪೀಟು ಕಟ್ಟನ್ನೇ ಕಿತ್ತುಕೊಂಡಳು. ಬೇರೆ ಕಟ್ಟು ತಂದವರ ಮೇಲೆ ಪೊರಕೆ ಎತ್ತಿದಳು. ಜನ ಎದ್ದು ಹೋದರು, ಡಬ್ಬಿ ಖಾಲಿ. ಬಾಕಿ ತೀರಿಸುವವರೆಗೆ ಹೆಣ ಎತ್ತಬಾರದೆಂದು ಶವಪೆಟ್ಟಿಗೆಯವನು ಪಟ್ಟು ಹಿಡಿದ.

ಅವಳ ತಾಯಿ ಎಲಿಂಗ್ ಶಾಲೆಗೇ ಓಡಿಬಂದಳು. "ಮ್ಯಾಮ್, ನಿಮ್ಮ ಪಾಠ ನಿಮಗೇ ಇರ್ಲಿ! ನನ್ನ ಗಂಡನ್ನ ಮಣ್ಣು ಮಾಡೋಕೆ ಬಿಡಿ!"

ಮ್ಯಾಮ್‌ಗೆ ಸಂಬಳ ಇನ್ನೂ ಬಂದಿರಲಿಲ್ಲ. ಚೀಲದಲ್ಲಿದ್ದಷ್ಟು ಕೊಟ್ಟರು, ನಾನೂ ಗಲ್ಲಾ ಸುರಿದೆ. ಯಾವ ಮೂಲೆಗೆ ಸಾಕಾದೀತು? ಮೂವರೂ ಎಲಿಂಗ್ ಮನೆಗೆ ಹೋದೆವು.

ರೊಡೆಸಾ ಕೈಯಲ್ಲಿ ಇಸ್ಪೀಟು ಕಟ್ಟು ಹಿಡಿದು, ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಿದ್ದಳು. "ಅಪ್ಪನ್ನ ತಿಂದಿದ್ದು ಇದೇ. ಇದ್ರ ದುಡ್ಡಲ್ಲೇ ಅವನ್ನ ಹೂಳ್ಬೇಕಾ? ನೀವೇ ಹೇಳಿ ಮ್ಯಾಮ್."

ಮ್ಯಾಮ್ ಅತ್ತ ಹೋದರು, ಇತ್ತ ಬಂದರು. ಕೊನೆಗೆ ಕೈ ಚಾಚಿದರು. "ಕೊಡು ಮಗಾ. ನಾನು ಹೇಳಿದ್ದು ತಪ್ಪಲ್ಲ. ಆದ್ರೆ ಅಪ್ಪನ್ನ ಹೀಗೇ ಇಟ್ಕೊಳ್ಳೋಕಾಗಲ್ಲ. ಮೊದ್ಲು ನಾನೇ ಆಡ್ತೀನಿ." ರೊಡೆಸಾ ಕಟ್ಟನ್ನು ಅವರ ಕೈಗೆ ಹಾಕಿ ಮುಖ ತಿರುಗಿಸಿದಳು.

"ಓಹೋ, ಬ್ಯಾಂಕೇ ಆಟಕ್ಕೆ ಬಂತಪ್ಪೋ!" ಎಂದು ಮೀನು ಮಾರುವ ನೆನೋಯ್ ಕೂಗಿದ. ಊರೆಲ್ಲ ನೋಡಲು ಬಂತು, ಮೇಜು ತುಂಬಿತು. ಆ ಹೆಂಗಸಿಗೆ ಎಲೆ ಹಿಡಿಯಲೂ ಬಾರದು. ಪಕ್ಕದಲ್ಲಿ ಕೂತು ನಾನೇ ತೋರಿಸಿದೆ. ಕುರುಡು ಅದೃಷ್ಟ ನೋಡಿ, ಗೆದ್ದರು! ಮತ್ತೆ ಗೆದ್ದರು. ಗೆದ್ದದ್ದೆಲ್ಲ ಡಬ್ಬಿಗೆ ಹಾಕಿದರು.

"ಸಾಕಷ್ಟು ಆಯ್ತು, ಏಳಿ ಮ್ಯಾಮ್" ಅಂದೆ.

"ಇರು ಪೆರ್ಲಾ, ಇನ್ನೊಂದೇ ಒಂದು."

ಕಣ್ಣು ಎಲೆಯಿಂದ ಏಳಲೇ ಇಲ್ಲ. ನಾನೇ ತೋಳು ಹಿಡಿದು ಎಬ್ಬಿಸಬೇಕಾಯಿತು.

ಡೊಮೆಂಗ್‌ನ ಮಣ್ಣಾಯಿತು. ಸೋಮವಾರ ರೊಡೆಸಾ ಶಾಲೆಗೆ ಬಂದಳು. ಮ್ಯಾಮ್ ಕಡೆ ತಿರುಗಿಯೂ ನೋಡಲಿಲ್ಲ. ನಾನು ತರಗತಿಯ ಕಿಟಕಿಯಾಚೆ ತಟ್ಟೆ ತೊಳೆಯುತ್ತಿದ್ದೆ. ಮ್ಯಾಮ್ ಪುಸ್ತಕ ತೆರೆದರು, ಮುಚ್ಚಿದರು.

"ಇಸ್ಪೀಟು ಆಡೋರು ದಡ್ಡರು ಅಂತ ಇಷ್ಟು ವರ್ಷ ಹೇಳ್ಕೊಟ್ಟೆ. ಆವತ್ತು ಗೆದ್ದೆ ನೋಡಿ, ಆಮೇಲೆ ನಂಗೆ ನಿದ್ದೇನೇ ಇಲ್ಲ. ಕೈ ಇನ್ನೂ ಬೇಕು ಅಂತಿದೆ. ರೊಡೆಸಾ, ನಿಮ್ಮಪ್ಪ ದಡ್ಡ ಅಲ್ಲ ಕಣೇ. ತೋಳು ಹಿಡಿದು ಎಬ್ಬಿಸೋರು ನಂಗಿದ್ರು, ಅವನಿಗೆ ಇರ್ಲಿಲ್ಲ ಅಷ್ಟೆ."

"ಇದ್ರು ಮ್ಯಾಮ್" ಎಂದಳು ರೊಡೆಸಾ. "ನಾನು ದಿನಾ ಹಿಡೀತಿದ್ದೆ. ಕೊಡವ್ಕೊಂಡು ಹೋಗ್ತಿದ್ದ."

ಅಪ್ಪ ಸತ್ತ ಮೇಲೆ ಆ ಹುಡುಗಿ ಅತ್ತದ್ದು ಆಗಲೇ. ಮ್ಯಾಮ್ ಹೋಗಿ ಅವಳನ್ನು ತಬ್ಬಿಕೊಂಡರು.