ತೊಗರಿ ಕಟ್ಟಿಗೆಯ ಹೊಗೆ

ದೆವ್ವ, ಶಕುನ, ಕಣ್ಣಿಗೆ ಕಾಣದ ಶಕ್ತಿ ಎಂಬ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗಿ ಚಹಾ ಹೇಳಿ ಬರುವ ಮನುಷ್ಯ. ನನ್ನ ತಾಯಿ ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸ್ ಬಂದು, ನೀರು ಕುಡಿದು, ಸ್ವಲ್ಪ ಕೂತು ಹೋಗುತ್ತಿದ್ದರು. ನಾನು ಅದೇ ಬೆಕ್ಕನ್ನು ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಹೋದವನು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಒಂದು ಕಾಲಕ್ಕೆ ನನ್ನ ಹತ್ತಿರ ಸ್ವಂತ ವಿಮಾನವಿತ್ತು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ. ಶಹಾಬಾದಿನಲ್ಲಿ ನಮ್ಮದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ. ಹೈದರಾಬಾದಿನಲ್ಲಿ ಓದುವಾಗ ಹಾರಾಟ ಕಲಿತೆ. ಅಲ್ಲಿನ ಕ್ಲಬ್ಬಿನವರು ಹಳೆಯದೊಂದನ್ನು ಮಾರುತ್ತಾರೆಂದು ಗೊತ್ತಾದಾಗ, ತಂದೆಯವರ ಕೋಪ ಇಳಿಯುವ ಮೊದಲೇ ಕೊಂಡುಬಿಟ್ಟೆ. ಎರಡೇ ಸೀಟು, ಮರದ ಪಂಖ, ಬಟ್ಟೆ ಹೊದಿಸಿದ ರೆಕ್ಕೆ. ಊರಿನ ಜನ ಅದನ್ನು ‘ರಾಯರ ಗಿಡುಗ’ ಎನ್ನುತ್ತಿದ್ದರು. ಹಾರುವುದಕ್ಕಿಂತ ಹೆಚ್ಚು ಹೊತ್ತು ಅದು ಶೆಡ್ಡಿನಲ್ಲೇ ಇರುತ್ತಿದ್ದುದರಿಂದ ನನ್ನ ಹೆಂಡತಿ ವನಮಾಲಾ ಮಾತ್ರ ‘ನಿಮ್ಮ ಕೋಳಿ’ ಎನ್ನುತ್ತಿದ್ದಳು.

ವಿಮಾನ ಸಾಕುವುದೆಂದರೆ ಎಮ್ಮೆ ಸಾಕಿದಂತೆಯೇ, ದಿನಾ ಮೈ ನೋಡಬೇಕು. ಇಲಿಗಳು ರೆಕ್ಕೆಯ ಬಟ್ಟೆ ಕಡಿಯುತ್ತಿದ್ದವು. ಗುಬ್ಬಿಗಳು ಇಂಜಿನ್ನಿನ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದವು. ಪೆಟ್ರೋಲನ್ನು ಮೆತ್ತನೆಯ ತೊಗಲಿನಲ್ಲಿ ಸೋಸಿಯೇ ಹಾಕಬೇಕು, ಇಲ್ಲದಿದ್ದರೆ ಅದರಲ್ಲಿರುವ ನೀರಿನ ಹನಿ ಆಕಾಶದಲ್ಲಿ ನಮ್ಮ ಲೆಕ್ಕ ಮುಗಿಸುತ್ತದೆ. ಬಟ್ಟೆ ಬಿಗಿಯಾಗಿರಲೆಂದು ಬಳಿಯುವ ಬಣ್ಣದ ಗಬ್ಬು ವಾಸನೆಗೆ ತಲೆ ತಿರುಗುತ್ತಿತ್ತು, ಆದರೂ ನಮ್ಮೂರ ದನಗಳಿಗೆ ಅದೇನು ರುಚಿಯೋ, ಬಂದು ನೆಕ್ಕುತ್ತಿದ್ದವು. ಗಾಳಿ ಬಂದಾಗ ಹಾರಿಹೋಗದಿರಲೆಂದು ರೆಕ್ಕೆಗಳನ್ನು ಹಗ್ಗದಿಂದ ದೊಡ್ಡ ಪರಸಿಗಳಿಗೆ ಕಟ್ಟುತ್ತಿದ್ದೆವು. ಕಲ್ಲಿಗೆ ನಮ್ಮಲ್ಲಿ ಬರಗಾಲವಿರಲಿಲ್ಲ.

ಇದನ್ನೆಲ್ಲ ನಾನೊಬ್ಬನೇ ಮಾಡಿದ್ದಲ್ಲ. ವಾಡಿಯ ಖಾಜಾಸಾಬ್ ಇದ್ದರು, ನನಗಿಂತ ದೊಡ್ಡವರು, ಖಣಿಯ ಇಂಜಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಉಸ್ತಾದ್. ವಿಮಾನದ ಕೆಲಸವನ್ನು ನಾವಿಬ್ಬರೂ ಪುಸ್ತಕ ಮುಂದಿಟ್ಟುಕೊಂಡು, ಜಗಳವಾಡುತ್ತ, ಜೊತೆಗೇ ಕಲಿತೆವು. ವರ್ಷಕ್ಕೊಮ್ಮೆ ಹೈದರಾಬಾದಿನ ಇಂಜಿನಿಯರು ಬಂದು ತಪಾಸಣೆ ಮಾಡಿ ರುಜು ಹಾಕಿದ ದಿನ ಇಬ್ಬರೂ ಖಾಜಾಸಾಬರ ಮನೆಗೆ ಬಿರ್ಯಾನಿಗೆ ಹೋಗುತ್ತಿದ್ದೆವು. ನಾನು ವೈಷ್ಣವ, ಆದ್ದರಿಂದ ನನಗೆ ಅವರ ಬೀಬಿ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಅನ್ನ ಮಾಡಿಡುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಶಮೀಮ್. ವಿಮಾನದ ಸದ್ದು ಕೇಳಿದರೆ ಊಟ ಬಿಟ್ಟು ಅಂಗಳಕ್ಕೆ ಓಡುವ ಹುಡುಗಿ.

ನಮ್ಮ ರನ್‌ವೇ ಎಂದರೆ ವಾಡಿಗೂ ಶಹಾಬಾದಿಗೂ ನಡುವಿನ ಒಂದು ಗಟ್ಟಿ ಗರಸುಮಣ್ಣಿನ ದಿನ್ನೆ. ಸುತ್ತೆಲ್ಲ ಕರಿಯ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಅಲ್ಲಿ ಚಕ್ರ ಇಟ್ಟರೆ ವಿಮಾನ ಮಗುಚಿಕೊಳ್ಳುತ್ತದೆ. ದಿನ್ನೆಯ ಪಡುವಣ ತುದಿಗೆ ಹಳೆಯ ಖಣಿಯ ಹೊಂಡ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿಗೆ ಬೆನ್ನು ಕೊಟ್ಟು ಇಳಿದರೆ ಅಷ್ಟು ಚಿಕ್ಕ ಜಾಗದಲ್ಲಿ ನಿಲ್ಲುವುದಿಲ್ಲ. ಗಾಳಿ ಯಾವ ಕಡೆಯದೆಂದು ಮೇಲಿನಿಂದ ತಿಳಿಯಲಿ ಎಂದು ಕಂಬಕ್ಕೆ ಕೇಸರಿ ಬಟ್ಟೆಯ ಉದ್ದನೆಯ ಚೀಲ ಕಟ್ಟಿದ್ದೆವು. ಅದು ತಿಂಗಳಲ್ಲಿ ಮಾಯವಾಯಿತು. ಮುಂದೆ ಆಡಕಿ ಎಂಬ ಹಳ್ಳಿಗೆ ಹೋದಾಗ ಒಂದು ಮನೆಯ ಗೋಡೆಯ ಮೇಲೆ ಒಣಹಾಕಿದ್ದ ಕೌದಿಯ ನಟ್ಟನಡುವೆ ಅದನ್ನು ಕಂಡೆ. ನಿಜ ಹೇಳಬೇಕೆಂದರೆ ಕಂಬಕ್ಕಿಂತ ಕೌದಿಗೇ ಅದು ಚೆನ್ನಾಗಿ ಒಪ್ಪುತ್ತಿತ್ತು. ಎರಡನೆಯ ಚೀಲವೂ ಹೋದ ಮೇಲೆ ಖಾಜಾಸಾಬರು ತಮ್ಮದೇ ಪದ್ಧತಿ ತೆಗೆದರು. ದಿನ್ನೆಯ ಪಕ್ಕಕ್ಕೆ ತೊಗರಿ ಕಟ್ಟಿಗೆಯ ಒಂದು ರಾಶಿ, ಒಲೆಗೆಂದು ಯಾರೂ ಒಯ್ಯದಿರಲೆಂದು ಅದರ ಮೇಲೊಂದು ಪರಸಿ. ನಾನು ಬಂದು ಒಂದು ಸುತ್ತು ಹಾಕಿದೊಡನೆ ಅವರು ಪರಸಿ ಸರಿಸಿ, ಸೀಮೆಎಣ್ಣೆಯ ಚಿಂದಿ ಒಳಗೆ ತುರುಕಿ ಕಡ್ಡಿ ಗೀರಿ, ಮೇಲೆ ಹಸಿ ಸೊಪ್ಪು ಹಾಕುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು. ಅದು ವಾಲಿದ ದಿಕ್ಕು ನೋಡಿ ನಾನು ಇಳಿಯುತ್ತಿದ್ದೆ. ಅಂಥ ಹೊಗೆ ನೋಡಿ ಎಷ್ಟು ಸಲ ಇಳಿದೆನೋ ಲೆಕ್ಕವಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಶಮೀಮಳಿಗೆ ಗಂಟಲಮಾರಿ ಬಂತು. ಗಂಟಲಲ್ಲಿ ಪೊರೆ ಕಟ್ಟಿ, ಉಸಿರು ಕುಯ್‌ಗುಡುತ್ತಿತ್ತು. ವಾಡಿಯ ದವಾಖಾನೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನದ ಮುಂಚೆ ಖಾಜಾಸಾಬರು ಖಣಿಗೆ ಬಂದು ನನ್ನೆದುರು ನಿಂತರು. ತಲೆಯ ಮೇಲೆ ಟೋಪಿ ಇರಲಿಲ್ಲ. ಅವರನ್ನು ಹಾಗೆ ನಾನೆಂದೂ ನೋಡಿರಲಿಲ್ಲ.

“ರಾಯರ, ಡಾಕ್ಟರ್ ಸಾಬ್ರ ಹತ್ರ ಆ ಇಂಜೆಕ್ಷನ್ ಇಲ್ಲಂತ್ರಿ. ಹೈದರಾಬಾದಿನಾಗ ಅದ ಅಂತಾರ. ರೈಲಿಗಿ ಹೋಗಿ ಬರೋತನಕ ಕೂಸು ತಡಿಯಂಗಿಲ್ಲಂತ.”

ನಾನು ಎದ್ದು ಅವರೊಡನೆ ದಿನ್ನೆಗೆ ಹೋದೆ. ಪಂಖ ತಿರುಗಿಸಿ ಇಂಜಿನ್ ಶುರು ಮಾಡಿಕೊಟ್ಟವರು ಅವರೇ. ಕಿಟಕಿಯ ಹತ್ತಿರ ಬಂದು, “ಸಂಜಿಗಿ ಹೊಗಿ ಹಾಕ್ಲಿಕ್ಕ ನಾ ಬಂದಿರ್ತೀನ್ರಿ” ಎಂದು ಕೂಗಿದರು.

“ಬ್ಯಾಡ್ರಿ ಉಸ್ತಾದ್, ಕೂಸಿನ ಹತ್ರ ಕುಂದ್ರಿ. ಈ ನೆಲ ನನಗ ಗೊತ್ತದ. ಹೊಗಿ ಇಲ್ದೇನೂ ಇಳೀತೀನಿ” ಎಂದೆ.

ಹೋಗುವ ಹಾದಿ ಸಲೀಸು. ಕೆಳಗೆ ರೈಲು ಹಳಿ ಹಿಡಿದು ಹಾರಿದರಾಯಿತು. ಚಿತ್ತಾಪುರ, ಸೇಡಂ, ಕುರಕುಂಟಾ, ತಾಂಡೂರು ಒಂದರ ಹಿಂದೊಂದು ಬರುತ್ತವೆ. ಹೈದರಾಬಾದಿನಲ್ಲಿ ಪರಿಚಯದ ಡಾಕ್ಟರೊಬ್ಬರು ನಾಲ್ಕಾರು ಕಡೆ ಓಡಾಡಿ ಮದ್ದು ದೊರಕಿಸಿ, ಥರ್ಮಾಸಿನಲ್ಲಿ ಐಸು ತುಂಬಿ ಕೊಟ್ಟರು. ಅವರ ಋಣ ಬೇರೆಯೇ ಇದೆ. ಆದರೆ ಅಷ್ಟರಲ್ಲಿ ಹೊತ್ತು ಇಳಿದಿತ್ತು.

ವಾಪಸ್ ಬರುವಾಗ ಸೇಡಂ ದಾಟಿದ ಮೇಲೆ ಪಡುವಣದಲ್ಲಿ ಕೆಂಪಗೆ ಏನೋ ಎದ್ದಿದ್ದು ಕಂಡಿತು. ಧೂಳಿನ ಬಿರುಗಾಳಿ. ನೆಲದಿಂದ ಮುಗಿಲಿನತನಕ ಗೋಡೆ ಕಟ್ಟಿದಂತೆ ನನ್ನ ಕಡೆಗೇ ಬರುತ್ತಿತ್ತು. ಬುದ್ಧಿ ಇದ್ದವರು ಹಿಂದಿರುಗುತ್ತಾರೆ. ಹಿಂದಿರುಗಿದರೆ ನಾನು ಉಳಿಯುತ್ತಿದ್ದೆ, ಮದ್ದು ಮಾರನೆಯ ದಿನ ಬರುತ್ತಿತ್ತು. ಮಾರನೆಯ ದಿನಕ್ಕೆ ಅದು ಯಾರಿಗೂ ಬೇಕಾಗುತ್ತಿರಲಿಲ್ಲ. ಥರ್ಮಾಸನ್ನು ಎರಡು ತೊಡೆಗಳ ನಡುವೆ ಇಟ್ಟುಕೊಂಡು ಮುಂದಕ್ಕೇ ಹೋದೆ. ಧೈರ್ಯ ಎನ್ನಬೇಡಿ. ಖಾಜಾಸಾಬರ ಬರಿ ತಲೆ ಕಣ್ಣ ಮುಂದಿತ್ತು, ಅಷ್ಟೇ.

ಚಿತ್ತಾಪುರದ ಆಚೆ ಹಳಿ ಕಾಣದಾಯಿತು. ಹಲ್ಲಿನಲ್ಲಿ ಮಣ್ಣು, ಕಣ್ಣಿನಲ್ಲಿ ಮಣ್ಣು. ವಿಮಾನ ಮೊರದಲ್ಲಿ ಹಾಕಿ ಕೇರಿದಂತೆ ಎದ್ದು ಬೀಳುತ್ತಿತ್ತು. ದಿನ್ನೆ ಇಲ್ಲೇ ಎಲ್ಲೋ ಇರಬೇಕೆಂದು ಎತ್ತರ ತಗ್ಗಿಸಿ ಸುತ್ತು ಹಾಕತೊಡಗಿದೆ. ಬಿರುಗಾಳಿ ಬಂದದ್ದು ಪಡುವಣದಿಂದ, ಆದ್ದರಿಂದ ಪಡುವಣಕ್ಕೆ ಮುಖ ಮಾಡಿ ಇಳಿಯಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಆದರೆ ನೆಲವೇ ಕಾಣದಿದ್ದರೆ ಯಾವ ದಿಕ್ಕಿಗೆ ಮುಖ ಮಾಡಿ ಏನು ಬಂತು? ಬೆಳಕೂ ಹೋಗುತ್ತಿತ್ತು.

ಆಗ ಹೊಗೆ ಕಂಡಿತು.

ಕೆಂಪು ಧೂಳಿನ ನಡುವೆ ಬೆಳ್ಳಗೆ, ದಪ್ಪಗೆ ಒಂದು ಹೊಗೆ. ಅದರ ಪಕ್ಕದಲ್ಲಿ ಇನ್ನೊಂದು, ತೆಳ್ಳಗೆ, ಚಿಕ್ಕದು. ಎರಡೂ ಹಳೆಯ ಖಣಿಯ ಹೊಂಡದ ಕಡೆಗೆ, ಅಂದರೆ ಪಡುವಣಕ್ಕೆ ವಾಲಿದ್ದವು. ಎಂದರೆ ಕೆಳಗೆ ಗಾಳಿ ಮೂಡಣದಿಂದ ಬೀಸುತ್ತಿತ್ತು, ನಾನು ಅಂದುಕೊಂಡಿದ್ದಕ್ಕೆ ಪೂರಾ ಉಲ್ಟಾ. ‘ಬ್ಯಾಡ ಅಂದ್ರೂ ಬಂದಾನಲ್ಲ ಮುದುಕ’ ಎಂದು ಪ್ರೀತಿಯಿಂದ ಬೈದುಕೊಂಡೆ. ತಿರುಗಿಸಿ, ಹೊಂಡದ ಮೇಲಿಂದ ಬಂದು, ಮೂಡಣಕ್ಕೆ ಮುಖ ಮಾಡಿ ಇಳಿದೆ. ಎದುರುಗಾಳಿ ಎಷ್ಟು ಜೋರಿತ್ತೆಂದರೆ ವಿಮಾನ ಅರ್ಧ ದಿನ್ನೆಯಲ್ಲೇ ನಿಂತಿತು. ಪಡುವಣಕ್ಕೆ ಇಳಿದಿದ್ದರೆ ಅದೇ ಗಾಳಿ ನನ್ನನ್ನೂ ಥರ್ಮಾಸನ್ನೂ ಹೊಂಡಕ್ಕೆ ನೂಕುತ್ತಿತ್ತು.

ಕೆಳಗಿಳಿದು, “ಉಸ್ತಾದ್!” ಎಂದು ಕೂಗಿದೆ. ಯಾರೂ ಇರಲಿಲ್ಲ. ಹೊಗೆಯೂ ಇರಲಿಲ್ಲ. ರೆಕ್ಕೆ ಕಟ್ಟಲು ಓಡಾಡುವಾಗ ತೊಗರಿ ಕಟ್ಟಿಗೆಯ ರಾಶಿ ಕಂಡಿತು. ಮೇಲಿನ ಪರಸಿ ಮೇಲೆಯೇ ಇತ್ತು. ಒಂದು ಕಡ್ಡಿಯೂ ಸುಟ್ಟಿರಲಿಲ್ಲ, ಸುತ್ತ ಹಿಡಿ ಬೂದಿಯೂ ಇರಲಿಲ್ಲ. ಯೋಚಿಸುತ್ತ ನಿಲ್ಲುವ ಹೊತ್ತಲ್ಲ ಅದು. ಶೆಡ್ಡಿನ ಬಳಿ ಬಿಟ್ಟಿದ್ದ ಜೀಪು ತೆಗೆದುಕೊಂಡು ವಾಡಿಗೆ ಹೋದೆ.

ದವಾಖಾನೆಯಲ್ಲಿ ಖಾಜಾಸಾಬರು ಮಗಳ ಪಾದ ಹಿಡಿದು ಕೂತಿದ್ದರು. ಡಾಕ್ಟರು ಥರ್ಮಾಸು ಕಸಿದುಕೊಂಡಂತೆ ಇಸಕೊಂಡರು. ಬೆಳಗಾಗುವಷ್ಟರಲ್ಲಿ ಉಸಿರಿನ ಆ ಕುಯ್‌ಗುಟ್ಟುವ ಸದ್ದು ತಗ್ಗಿತು. ಮುಂದೆ ಕೆಲವು ದಿನಕ್ಕೆ ಹುಡುಗಿ ಗಂಜಿ ಕುಡಿದಳು. ಆಗಲೇ ನಾನು ಕೇಳಿದ್ದು, ಅವತ್ತು ಹೊಗೆ ಹಾಕಿದವರು ಯಾರು ಎಂದು. ಖಾಜಾಸಾಬರು ನನ್ನ ಮುಖವನ್ನೇ ನೋಡಿದರು.

“ಯಾವ ಹೊಗಿರಿ? ನಾ ಕೂಸಿನ ಕಾಲಾಗಿಂದ ಎದ್ದೇ ಇಲ್ಲ. ಆ ಗಾಳ್ಯಾಗ ಕಡ್ಡಿ ಗೀರಿದ್ರ ಹತ್ತತದೇನ್ರಿ?”

ಅದೂ ನಿಜ. ಅಂಥ ಬಿರುಗಾಳಿಯಲ್ಲಿ ಹೊಗೆ ಚೂರುಚೂರಾಗಿ ಹರಿದುಹೋಗಬೇಕು. ನಾನು ಕಂಡ ಹೊಗೆ ಚಳಿಗಾಲದ ತಂಪು ಸಂಜೆಯಲ್ಲಿ ಏಳುವಂತೆ ಸಾವಕಾಶವಾಗಿ ಎದ್ದು ವಾಲಿತ್ತು. ಸುಣ್ಣದ ಭಟ್ಟಿ ಇರಬಹುದೇ ಎಂದುಕೊಂಡೆ. ಹತ್ತಿರದ ಭಟ್ಟಿ ಕಾಗಿಣಾ ನದಿಯ ಆಚೆ. ಕುರಿಯವರ ಬೆಂಕಿ ಎಂದರೆ ಬೂದಿ ಎಲ್ಲಿ? ಕಣ್ಣಿನ ಭ್ರಮೆ ಎಂದು ಸುಮ್ಮನಾಗುತ್ತಿದ್ದೆ, ಆದರೆ ಅವತ್ತು ಮನೆಗೆ ಹೋದಾಗ ವನಮಾಲಾ ನನ್ನ ಅಂಗಿ ಮೂಸಿ, “ಇದೇನ್ರಿ, ಮೈತುಂಬ ತೊಗರಿ ಕಟಗಿ ಹೊಗಿ ವಾಸನಿ!” ಎಂದಿದ್ದಳು. ಕಣ್ಣು ಮೋಸ ಹೋಗಬಹುದು. ಅಂಗಿಯೂ ಮೋಸ ಹೋಗುತ್ತದೆಯೇ?

ಖಾಜಾಸಾಬರು ಮಾತ್ರ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. “ಯಾರರೆ ಹಾಕ್ಯಾರ. ಅವರಿಗಿ ಅಲ್ಲಾ ಚೊಲೋ ಇಡ್ಲಿ” ಎಂದು ಕೈಯೆತ್ತಿ ದುವಾ ಮಾಡಿ ಮುಗಿಸಿದರು. ಮುಂದೆ ಪ್ರತಿ ಸಲ ರಾಶಿಗೆ ಬೆಂಕಿ ಹಚ್ಚುವಾಗಲೂ ಆ ಮಾತು ಹೇಳುತ್ತಿದ್ದರು. ನಾನು ನಗುತ್ತಿರಲಿಲ್ಲ.

ಬಹಳ ವರ್ಷಗಳಾದವು. ಬಿಡಿಭಾಗ ಸಿಗುವುದು ಕಷ್ಟವಾಯಿತು, ನನ್ನ ಕಣ್ಣೂ ಮಂದವಾಯಿತು. ವಿಮಾನ ಮಾರಿದೆ. ಖಾಜಾಸಾಬರು ತೀರಿಕೊಂಡರು. ಶಮೀಮ್ ಓದಿ ಚಿತ್ತಾಪುರದಲ್ಲಿ ಟೀಚರ್ ಆದಳು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ, ತೊಗರಿ ಸುಗ್ಗಿ ಮುಗಿದ ದಿನಗಳಲ್ಲಿ, ನಮ್ಮ ಮನೆಗೆ ಬಂದಳು. ವನಮಾಲಾ ಕೊಟ್ಟ ಶೇಂಗಾ ಹೋಳಿಗೆ ತಿಂದು, “ಕಾಕಾ, ಅಬ್ಬಾ ಹೊಗಿ ಹಾಕ್ತಿದ್ನಲ್ಲ ಅಲ್ಲಿಗಿ ಹೋಗೋಣೇನ್ರಿ? ಅವನ ಹೆಸರಲೆ ನಾ ಒಂದ್ ಸಲ ಹಾಕ್ತೀನಿ” ಎಂದಳು.

ಹೋದೆವು. ದಿನ್ನೆ ಹಾಗೆಯೇ ಇತ್ತು, ಅಂಚಿನ ಹೊಲದಲ್ಲಿ ಕಟ್ಟಿಗೆ ಬಿದ್ದಿತ್ತು. ಖಾಜಾಸಾಬರ ಹಳೆಯ ಜಾಗದಲ್ಲೇ ಅವಳು ರಾಶಿ ಒಟ್ಟಿದಳು. ಸೀಮೆಎಣ್ಣೆ ತಂದಿರಲಿಲ್ಲ. ಆದ್ದರಿಂದ ಒಂದು ಸಣ್ಣ ಕಟ್ಟನ್ನು ಪಕ್ಕಕ್ಕಿಟ್ಟು, ಊದಿ ಊದಿ ಹೊತ್ತಿಸಿ, ಅದರಿಂದ ಎರಡು ಉರಿಯುವ ಕಡ್ಡಿ ಒಯ್ದು ದೊಡ್ಡ ರಾಶಿಗೆ ಇಟ್ಟಳು. ಮೇಲೆ ಹಸಿ ಸೊಪ್ಪು ಹಾಕಿದಳು. “ಯಾರು ಹಾಕಿದ್ರೋ ಅವರಿಗಿ ಅಲ್ಲಾ ಚೊಲೋ ಇಡ್ಲಿ” ಎಂದು ಅಪ್ಪನ ಮಾತನ್ನೇ ಹೇಳಿದಳು. ನಾನು ಖಣಿಯ ಕಡೆ ಸ್ವಲ್ಪ ದೂರ ನಡೆದು ಹೋಗಿ ತಿರುಗಿ ನೋಡಿದೆ.

ದಪ್ಪನೆಯ ಬಿಳಿ ಹೊಗೆ ಒಂದು. ಅದರ ಪಕ್ಕದಲ್ಲಿ, ಅವಳು ಆರಿಸದೆ ಬಿಟ್ಟಿದ್ದ ಸಣ್ಣ ಕಟ್ಟಿನಿಂದ, ತೆಳ್ಳನೆಯದು ಇನ್ನೊಂದು. ಎರಡೂ ಸಾವಕಾಶವಾಗಿ ಎದ್ದು ನನ್ನ ಕಡೆಗೆ, ಖಣಿಯ ಕಡೆಗೆ ವಾಲಿದ್ದವು. ಖಾಜಾಸಾಬರು ಒಂದು ಸಲವೂ ಎರಡು ಹೊಗೆ ಹಾಕಿದವರಲ್ಲ. ಎರಡು ಹೊಗೆಯನ್ನು ನಾನು ಅದಕ್ಕೂ ಮೊದಲು ನೋಡಿದ್ದು ಒಂದೇ ಸಲ, ಆ ಬಿರುಗಾಳಿಯ ಸಂಜೆ, ಮೇಲಿನಿಂದ.

ವಯಸ್ಸಾದವನ ನೆನಪು ತನಗೆ ಬೇಕಾದಂತೆ ಹೊಲಿದುಕೊಳ್ಳುತ್ತದೆ ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡಿದ್ದೇನೆ. ಇದೇನೆಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಅವತ್ತು ನನಗೆ ತಿಳಿದದ್ದು ಇಷ್ಟೇ: ನಾನು ಬದುಕಿದ್ದೆ, ಆ ಹುಡುಗಿ ನನ್ನೆದುರು ಮಸಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಮತ್ತು ನನ್ನ ಎದೆ ತುಂಬಿತ್ತು. ತಲೆಯೆತ್ತಿ ನೋಡಿದೆ. ಮುಗಿಲಿನಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

“ಮ್ಯಾಲ ಏನ್ ನೋಡ್ಲಿಕತ್ತೀರಿ ಕಾಕಾ?” ಎಂದಳು ಶಮೀಮ್.

“ಇನ್ನೊಂದೀಟು ಹಸಿ ಸೊಪ್ಪು ಹಾಕವ್ವ” ಎಂದೆ. “ಚೊಲೋ ಕಾಣ್ಲಿ.”

“ಯಾರಿಗ್ರಿ?” ಎಂದು ನಗುತ್ತಲೇ ಕೇಳಿದಳು. ನಾನು ಮತ್ತೆ ಮುಗಿಲು ನೋಡಿದೆ. ಅವಳು ಹೋಗಿ ಒಂದು ತೆಕ್ಕೆ ಸೊಪ್ಪು ತಂದು ಹಾಕಿದಳು.